ಎತ್ತರದ ಆಳಿಗೆ ಮೊದಲ ಮೋಟಾರು ಸೈಕಲ್ಲು



ಶಿರಹಟ್ಟಿಯ ಕಡೆಯ ರೈತರೊಬ್ಬರು ನಮಗೆ ಪರಿಚಿತರು. ಅವರ ಮಗನು ಗದಗದ ಕಾಲೇಜನ್ನು ಸೇರಿದನು. ಹುಡುಗನ ಎತ್ತರ ಆರು ಅಡಿ ಎರಡು ಅಂಗುಲ. ಬಸ್ಸು ತಪ್ಪಿದರೆ ಅರ್ಧ ದಿನದ ಪಾಠ ತಪ್ಪುವುದೆಂದು ಕಂಡು, ಆ ವರ್ಷ ಈರುಳ್ಳಿಯಿಂದ ಬಂದ ಹಣದಲ್ಲಿ ತಂದೆಯವರು ಅವನಿಗೊಂದು ಮೋಟಾರು ಸೈಕಲ್ಲನ್ನು ಕೊಂಡುಕೊಟ್ಟರು. ಆಳು ದೊಡ್ಡವನು, ಯಂತ್ರವೂ ದೊಡ್ಡದಿರಲಿ ಎಂಬುದು ಅವರ ಎಣಿಕೆ. ನಾವು ವಿಚಾರಿಸಿದಾಗ, "ಅಳತಿ ನೋಡೇ ತಂದೀವ್ರಿ" ಎಂದು ಹೇಳಿದರು. ಒಂಬತ್ತನೆಯ ದಿನ, ಮನೆಯ ಮುಂದಿನ ಇಳಿಜಾರಿನಲ್ಲಿಯೇ, ನಿಂತ ಯಂತ್ರವನ್ನು ತಿರುಗಿಸುವಾಗ ಹುಡುಗನ ಕಾಲು ಗರಸಿನ ಮೇಲೆ ಜಾರಿತು. ಯಂತ್ರವು ಅವನ ಮೊಣಕಾಲಿನ ಮೇಲೆ ಬಿದ್ದಿತು. ಆರು ವಾರ ಅವನು ಕಾಲೇಜಿನ ಮುಖ ಕಾಣಲಿಲ್ಲ.

ತಂದೆಯವರು ಅಳತೆ ನೋಡಲಿಲ್ಲವೆಂದು ನಾವು ಹೇಳಲಾರೆವು. ಯಾವ ಅಳತೆಯನ್ನು ನೋಡಬೇಕೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಈ ದಿನ ನಾವು ವಿವೇಚಿಸಹೊರಟಿರುವುದು ಅದನ್ನೇ.

ಸಾಮಾನ್ಯವಾಗಿ ಜನರು ಕೇಳುವುದು ನೆಲದಿಂದ ಸೀಟಿನ ಎತ್ತರವೆಷ್ಟು ಎಂದು. ತಯಾರಕರು ಪ್ರಕಟಿಸುವ ಅಳತೆಯೂ ಅದೇ. ಗಿಡ್ಡ ಸವಾರನಿಗೆ ಅದು ಮುಖ್ಯವೆಂಬುದು ನಿಜ. ಅವನ ಪಾದ ನೆಲಕ್ಕೆ ಮುಟ್ಟಬೇಕಷ್ಟೆ. ಎತ್ತರದವನಿಗಾದರೋ ಎಲ್ಲ ಯಂತ್ರಗಳ ಮೇಲೂ ಪಾದ ನೆಲ ಮುಟ್ಟುತ್ತದೆ. ಇಷ್ಟೇ ಅಲ್ಲ, ಆ ಅಂಕೆಯಿಂದ ಯಂತ್ರದ ಗಾತ್ರವೂ ತಿಳಿಯುವುದಿಲ್ಲ. ಬಜಾಜ್ ಕಂಪನಿಯ ಪ್ಲಾಟಿನಾ 100 ಎಂಬ ಚಿಕ್ಕ ಯಂತ್ರದ ಸೀಟು ನೆಲದಿಂದ 807 ಮಿಲಿಮೀಟರು. ತೂಕ ಸುಮಾರು 117 ಕಿಲೋಗ್ರಾಮು. ರಾಯಲ್ ಎನ್‌ಫೀಲ್ಡ್ ಕಂಪನಿಯು 2023ರಲ್ಲಿ ಹೊರತಂದ ಬುಲೆಟ್ 350ರ ಸೀಟು 805 ಮಿಲಿಮೀಟರು. ತೂಕ 195 ಕಿಲೋಗ್ರಾಮು. ಎತ್ತರದಲ್ಲಿ ಚಿಕ್ಕದೇ ಎರಡು ಮಿಲಿಮೀಟರು ಹೆಚ್ಚು! ತೂಕದಲ್ಲಿ ಮಾತ್ರ ಒಬ್ಬ ದೊಡ್ಡ ಆಳಿನಷ್ಟು ಅಂತರ. ಬುಲೆಟ್ಟು ಕೆಟ್ಟ ಯಂತ್ರವೆಂದು ಇದರ ಅರ್ಥವಲ್ಲ. ನುರಿತವರ ಕೈಯಲ್ಲಿ ಅದರ ಭಾರವೇ ಒಂದು ಗುಣ. ಆದರೆ ದೊಡ್ಡದಾಗಿ ಕಾಣುವುದೆಲ್ಲ ಎತ್ತರವಾಗಿರುವುದಿಲ್ಲ. ಕಲಿಯುವವನಾದರೋ ಯಂತ್ರವನ್ನು ಓಡಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಎತ್ತಿಹಿಡಿಯುತ್ತಾನೆ, ತಳ್ಳುತ್ತಾನೆ, ತಿರುಗಿಸುತ್ತಾನೆ.

ಹಾಗಾದರೆ ನೋಡಬೇಕಾದ ಅಳತೆ ಯಾವುದು? ಸೀಟು, ಕಾಲಿಡುವ ಮೆಟ್ಟು, ಹಿಡಿಕೆ—ಈ ಮೂರರ ನಡುವಣ ಅಂತರ. ಇದನ್ನು ಅಂಗಡಿಯ ಕಾಗದದಲ್ಲಿ ಮುದ್ರಿಸಿರುವುದಿಲ್ಲ, ಕುಳಿತೇ ನೋಡಬೇಕು. ಒಂದು ನಿಮಿಷ ಕುಳಿತರೆ ಎಲ್ಲ ಯಂತ್ರಗಳೂ ಹಿತವೇ. ಹತ್ತು ನಿಮಿಷ ಕುಳಿತಿರತಕ್ಕದ್ದು. ಅದೂ ನಿತ್ಯ ತೊಡುವ ಪಾದರಕ್ಷೆಯೊಡನೆ. ನಡುನಿಲುವಿನ ಮೇಲೆ ಯಂತ್ರವನ್ನು ನಿಲ್ಲಿಸಿ, ಎರಡು ಪಾದಗಳನ್ನೂ ಮೆಟ್ಟಿನ ಮೇಲಿಟ್ಟಾಗ, ಮೊಣಕಾಲು ಸೊಂಟಕ್ಕಿಂತ ಮೇಲೇರಿ ನಿಂತರೆ ಆ ಯಂತ್ರ ಇಪ್ಪತ್ತು ಕಿಲೋಮೀಟರಿನೊಳಗೆ ನೋವು ತರುವುದೆಂದೇ ತಿಳಿಯಬೇಕು. ಬಳಿಕ ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಬೇಕು. ಅದರ ತುದಿ ಮೊಣಕಾಲಿಗೆ ತಾಗಿದರೆ, ಬೆಟಗೇರಿಯ ನೇಕಾರರ ಓಣಿಗಳಂಥ ಇಕ್ಕಟ್ಟಿನಲ್ಲಿ, ಮೆಲ್ಲನೆ ಹೊರಳಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತದೆ. ಎತ್ತರದವರ ಪಾದವೂ ಉದ್ದ. ಬೂಟಿನ ತುದಿ ಗೇರಿನ ಸನ್ನೆಯ ಕೆಳಗೆ ಸಲೀಸಾಗಿ ನುಸುಳುವುದೇ, ಮೊಣಕಾಲನ್ನೆತ್ತದೆ ಹಿಂದಿನ ಬ್ರೇಕನ್ನು ಒತ್ತಲಾಗುವುದೇ ಎಂಬುದನ್ನೂ ನೋಡಬೇಕು.

ಸೀಟಿನ ಆಕಾರವೂ ಸಾಮಾನ್ಯ ಸಂಗತಿಯಲ್ಲ. ಮುಂದೊಂದು ತಗ್ಗು, ಹಿಂದೊಂದು ದಿಬ್ಬ ಇರುವ ಮೆಟ್ಟಿಲು ಸೀಟು ಎತ್ತರದವನನ್ನು ತಗ್ಗಿನಲ್ಲಿಯೇ ಹುಗಿದಿಡುತ್ತದೆ. ಒಂದೇ ಸಮನಾಗಿ ಉದ್ದವಾಗಿರುವ ಸೀಟಾದರೆ ಒಂದು ಗೇಣು ಹಿಂದೆ ಸರಿದು ಕುಳಿತುಕೊಳ್ಳಬಹುದು. ಆದರೆ ಪೂರ್ತಿ ಹಿಂದಕ್ಕೆ ಸರಿದು ಕೈಗಳನ್ನು ಕೋಲಿನಂತೆ ಚಾಚಿ ಕೂಡುವುದು ಅಪಾಯ. ಮುಂದಿನ ಗಾಲಿಯ ಮೇಲಣ ಭಾರ ಕಡಮೆಯಾಗಿ, ಮರಳಿನ ಮೇಲೆ ಅದು ಹಿಡಿತ ಬಿಡುತ್ತದೆ.

ಇನ್ನು ನಮ್ಮ ಪ್ರದೇಶದ ಮಾತು. 1948ರವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದುವು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದುವು. ಸರಕಾರಗಳು ಬೇರೆಯಾಗಿದ್ದರೂ ಕೆಸರು ಮಾತ್ರ ಒಂದೇ ಆಗಿತ್ತು. ಎರೆಭೂಮಿಯ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಗಾಲಿ ತಿರುಗುವುದೇ ನಿಂತುಹೋಗುತ್ತದೆ. ಆಗ ಯಂತ್ರವನ್ನು ಪಕ್ಕಕ್ಕೆಳೆದು ಕಡ್ಡಿಯಿಂದ ಕೆಸರು ಕೀಳಬೇಕು. ನೂರಹದಿನೈದು ಕಿಲೋಗ್ರಾಮಿನದಾದರೆ ಒಬ್ಬನೇ ಎಳೆಯಬಹುದು. ಇನ್ನೂರರದಾದರೆ ಹೊಲದವರನ್ನು ಕೂಗಿ ಕರೆಯಬೇಕು. ಇನ್ನೊಂದು, ಗಾಳಿ. ಡಂಬಳದ ಮೇಲೆ ಮುಂಡರಗಿಗೆ ಹೋಗುವವರು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತಾರೆ. ಅವುಗಳನ್ನು ಅಲ್ಲಿ ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಪಕ್ಕದಿಂದ ಬೀಸುವ ಗಾಳಿಗೆ ಎತ್ತರದ ಸವಾರನ ಮೈಯೇ ಹಾಯಿಯಾಗುತ್ತದೆ, ಹಗುರ ಯಂತ್ರ ಒಂದೆರಡಡಿ ಪಕ್ಕಕ್ಕೆ ಸರಿಯುತ್ತದೆ. ಹಗುರತನಕ್ಕೆ ತೆರಬೇಕಾದ ಬೆಲೆ ಇದೇ. ಇದನ್ನು ಮುಚ್ಚಿಟ್ಟು ನಾವು ಮಾತನಾಡಲಾರೆವು. ಅಂಥ ದಿನಗಳಲ್ಲಿ ವೇಗವನ್ನು ಇಳಿಸುವುದೊಂದೇ ಉಪಾಯ.

ಎತ್ತರದವರಿಗೆಂದೇ ಮಾಡಿದಂತಿರುವ ಯಂತ್ರಗಳೂ ಇಲ್ಲದಿಲ್ಲ. ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಎಂಬುದರ ಸೀಟು 825 ಮಿಲಿಮೀಟರು, ಹೊಟ್ಟೆಯ ಕೆಳಗೆ ನೆಲದಿಂದ 220 ಮಿಲಿಮೀಟರು ತೆರವು, ತೂಕ ಸುಮಾರು 160 ಕಿಲೋಗ್ರಾಮು. ಕಾಲು ಚಾಚಲು ಜಾಗವಿದೆ, ಹಿಡಿಕೆಯೂ ಎತ್ತರ. ಅನುಕೂಲವಿದ್ದವರು ಇದನ್ನು ವಿಚಾರಿಸಬಹುದು. ಆದರೆ ನೂರು ಸಿಸಿಯ ಯಂತ್ರಕ್ಕಿಂತ ಬೆಲೆ ಬಹಳ ಹೆಚ್ಚು. ಇನ್ನು ಕೆಲವು ತರುಣರು ಯಾಮಹಾ ಆರ್‌ಎಕ್ಸ್ 100ನ್ನೇ ಹುಡುಕುತ್ತ ಊರೂರು ತಿರುಗುತ್ತಾರೆ. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಆ ಯಂತ್ರದ ನಾದಕ್ಕೆ ನಾವೂ ಒಮ್ಮೆ ಮನಸೋತವರೇ. ಆದರೂ ಕಲಿಯುವವನಿಗೆ, ಅದರಲ್ಲಿಯೂ ಉದ್ದಕಾಲಿನವನಿಗೆ, ಅದು ತಕ್ಕುದಲ್ಲ.

ನಮ್ಮ ಅಭಿಪ್ರಾಯದಲ್ಲಿ ಕಲಿಯುವ ಯಂತ್ರವೂ ಕೊಳ್ಳುವ ಯಂತ್ರವೂ ಒಂದೇ ಆಗಬೇಕಾಗಿಲ್ಲ. ಗೇರುಳ್ಳ ಮೋಟಾರು ಸೈಕಲ್ಲಿನ ಕಲಿಕೆಯ ಲೈಸೆನ್ಸು ದೊರೆಯುವುದು ಹದಿನೆಂಟು ತುಂಬಿದ ಮೇಲೆ. ಅದರ ಅವಧಿ ಆರು ತಿಂಗಳು. ಮೂವತ್ತು ದಿನ ಕಳೆದ ಬಳಿಕ ಪರೀಕ್ಷೆಗೆ ಹೋಗಬಹುದು. ಆ ಅವಧಿಯಲ್ಲಿ ಚಿಕ್ಕಪ್ಪನದೋ ಸೋದರಮಾವನದೋ ಹಳೆಯ ನೂರು ಸಿಸಿ ಯಂತ್ರ ಸಾಕು. ಸಂತೆಯಿಲ್ಲದ ದಿನ ಸಂತೆಯ ಬಯಲಿನಲ್ಲಿ, ತಲೆಗೆ ಐಎಸ್‌ಐ ಗುರುತಿನ ಹೆಲ್ಮೆಟ್ಟು ಧರಿಸಿ, ಬಲ್ಲವರೊಬ್ಬರನ್ನು ಹತ್ತಿರ ನಿಲ್ಲಿಸಿಕೊಂಡು ಕಲಿಯತಕ್ಕದ್ದು. ಬೋಧಕನಲ್ಲದ ಗೆಳೆಯರನ್ನು ಹಿಂದೆ ಕೂಡಿಸಿಕೊಳ್ಳುವುದಕ್ಕೆ ಕಲಿಯುವವನಿಗೆ ಕಾಯಿದೆಯ ಅನುಮತಿಯಿಲ್ಲ.

ಶಿರಹಟ್ಟಿಯ ಹುಡುಗನ ಮೊಣಕಾಲು ಗುಣವಾಯಿತು. ತಂದೆಯವರು ದೊಡ್ಡ ಯಂತ್ರವನ್ನು ನಷ್ಟಕ್ಕೆ ಮಾರಿ, ಉದ್ದ ಸೀಟಿನ ಹಳೆಯ ನೂರು ಸಿಸಿಯ ಯಂತ್ರವೊಂದನ್ನು ತಂದರು. ಗದಗದಲ್ಲಿ ಸೀಟು ಹೊಲಿಯುವವರೊಬ್ಬರು ಅದಕ್ಕೆ ಒಂದೂವರೆ ಅಂಗುಲ ಗಟ್ಟಿ ಫೋಮು ಏರಿಸಿಕೊಟ್ಟರು; ಸೀಟಿಗೂ ಮೆಟ್ಟಿಗೂ ಅಷ್ಟರಮಟ್ಟಿಗೆ ಅಂತರ ಹೆಚ್ಚಿತು. ಮೇಸ್ತ್ರಿಯು ಗೇರಿನ ಸನ್ನೆಯ ಬೋಲ್ಟನ್ನು ಸಡಿಲಿಸಿ, ಒಂದು ಹಲ್ಲು ಮೇಲೆ ಸರಿಸಿ ಬಿಗಿದನು. ಬೂಟಿನ ತುದಿ ಕೆಳಗೆ ನುಸುಳಲು ಎಡೆಯಾಯಿತು. ಹುಡುಗನು ಎರಡನೆಯ ತಿಂಗಳಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈಗ ದಿನವೂ ಗದಗಕ್ಕೆ ಹೋಗಿಬರುತ್ತಿದ್ದಾನೆ. ತಂದೆಯವರದೊಂದು ತಕರಾರು ಉಳಿದಿದೆ. ಅವರ ಎತ್ತರ ಐದಡಿ ಮೂರಂಗುಲ. ಹೊಲಕ್ಕೆ ಹೋಗಲೆಂದು ಭಾನುವಾರ ಆ ಯಂತ್ರವನ್ನು ಹತ್ತಿದರೆ ಅವರ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತದೆ. ಆದುದರಿಂದ ಹಳೆಯ ಸೀಟೊಂದನ್ನು ಗುಜರಿಯಿಂದ ತಂದು ಅಟ್ಟದ ಮೇಲಿಟ್ಟಿದ್ದಾರೆ. ಶನಿವಾರ ರಾತ್ರಿ ಬದಲಿಸುತ್ತಾರೆ.