ವಿಕಲಚೇತನ ಮಕ್ಕಳೂ ನಮ್ಮ ಶಾಲೆಯ ಮಕ್ಕಳೇ

(ಶಿಕ್ಷಕರು ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಕಲಚೇತನ ಮಕ್ಕಳ ಕುರಿತು ನಮ್ಮಲ್ಲಿ ಅನುಕಂಪಕ್ಕೆ ಕೊರತೆಯಿಲ್ಲ. ನಾವು ಗಾಲಿಕುರ್ಚಿ ವಿತರಿಸುತ್ತೇವೆ, ಶ್ರವಣ ಸಾಧನ ಹಂಚುತ್ತೇವೆ, ಅದರ ಭಾವಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಆದರೆ ಆ ಗಾಲಿಕುರ್ಚಿ ನಮ್ಮದೇ ಆಡಳಿತದ ಶಾಲೆಯ ಮೆಟ್ಟಿಲನ್ನು ದಾಟಬಲ್ಲುದೇ ಎಂದು ನಾವು ಕೇಳಿದ್ದೇವೆಯೇ? ದಾನವು ಮಗುವಿನ ಕೈ ಸೇರುತ್ತದೆ, ಮಗು ಮಾತ್ರ ತರಗತಿಯನ್ನು ಸೇರುವುದಿಲ್ಲ. ಇದೆಂತಹ ವಿಪರ್ಯಾಸ!

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮುಂಬೈಯ ಒಂದು ಸೇವಾ ಸಂಸ್ಥೆಯ ಚರಿತ್ರೆ ನಮ್ಮ ಗಮನ ಸೆಳೆಯುತ್ತದೆ. 1966ರಲ್ಲಿ ಮಿಥು ಅಲೂರ್ ಅವರಿಗೆ ಹೆಣ್ಣು ಮಗುವೊಂದು ಜನಿಸಿತು. ಹೆಸರು ಮಾಲಿನಿ. ಮಗುವಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಮೆದುಳಿಗಾದ ಹಾನಿಯಿಂದ ಕೈಕಾಲುಗಳ ಚಲನೆಯೂ ಮಾತೂ ಹಿಡಿತಕ್ಕೆ ಸಿಗದ ಸ್ಥಿತಿ ಅದು. ದೇಹ ಸಹಕರಿಸದ ಮಾತ್ರಕ್ಕೆ ಬುದ್ಧಿಯೂ ಕುಂಠಿತವೆಂದು ಭಾವಿಸುತ್ತಿದ್ದ ಕಾಲ ಅದಾಗಿತ್ತು. ತಾಯಿ ಮಗಳನ್ನು ಇಂಗ್ಲೆಂಡಿಗೆ ಕರೆದೊಯ್ದರು. ಮಗುವಿನ ಬುದ್ಧಿಶಕ್ತಿಗೆ ಕುಂದಿಲ್ಲವೆಂಬುದೂ ಸೂಕ್ತ ನೆರವಿದ್ದರೆ ಆಕೆ ಕಲಿಯಬಲ್ಲಳೆಂಬುದೂ ಅಲ್ಲಿ ದೃಢವಾಯಿತು. ತಾಯಿ ಸ್ವತಃ ವಿಶೇಷ ಶಿಕ್ಷಣದ ತರಬೇತಿ ಪಡೆದು ಹಿಂದಿರುಗಿದರು. 1972ರಲ್ಲಿ ಮುಂಬೈಯ ಕೊಲಾಬಾದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ತನ್ನ ಶಾಲೆಯನ್ನು ತೆರೆಯಿತು. ಚಿಕಿತ್ಸೆ ಮತ್ತು ಶಿಕ್ಷಣ ಒಂದೇ ಸೂರಿನಡಿ ದೊರೆಯುವ ವ್ಯವಸ್ಥೆ ಅದು. ಅದೇ ಮಾದರಿಯ ಕೇಂದ್ರಗಳು ಮುಂದೆ ಕೋಲ್ಕತ್ತಾ, ದೆಹಲಿ, ಬೆಂಗಳೂರು, ಚೆನ್ನೈಗಳಲ್ಲೂ ತಲೆಯೆತ್ತಿದವು.

ಇಷ್ಟಕ್ಕೇ ನಿಂತಿದ್ದರೂ ಅದೊಂದು ಶ್ಲಾಘನೀಯ ಸೇವೆಯೇ ಆಗಿರುತ್ತಿತ್ತು. ಆದರೆ ಆ ಸಂಸ್ಥೆ ತನ್ನನ್ನೇ ಪ್ರಶ್ನಿಸಿಕೊಂಡಿತು. ಮಿಥು ಅಲೂರ್ 1998ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಪೂರ್ಣಗೊಳಿಸಿದ ಸಂಶೋಧನೆಯು 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪರಿಶೀಲಿಸಿತು. ಆ ಯೋಜನೆ ಎಲ್ಲ ಮಕ್ಕಳಿಗೂ ಎನ್ನುತ್ತಿತ್ತು. ವಾಸ್ತವದಲ್ಲಿ ವಿಕಲಚೇತನ ಮಗು ಅಂಗನವಾಡಿಯ ಹೊರಗೇ ಉಳಿದಿತ್ತು. ಯಾರೂ ದ್ವೇಷದಿಂದ ಹೊರಗಟ್ಟಿರಲಿಲ್ಲ. ‘ಎಲ್ಲ ಮಕ್ಕಳು’ ಎನ್ನುವಾಗ ಈ ಮಗು ಯಾರ ನೆನಪಿಗೂ ಬಂದಿರಲಿಲ್ಲ, ಅಷ್ಟೆ. ಮರೆವು ಕೂಡಾ ಒಂದು ಬಗೆಯ ಬಹಿಷ್ಕಾರ ಎಂಬುದನ್ನು ನಾವಿಲ್ಲಿ ಮನಗಾಣಬೇಕಾಗಿದೆ.

ಬೆರಳೆಣಿಕೆಯ ವಿಶೇಷ ಶಾಲೆಗಳು ಇಷ್ಟು ದೊಡ್ಡ ದೇಶದ ಎಷ್ಟು ಮಕ್ಕಳನ್ನು ತಲುಪಬಲ್ಲವು? 1999ರಲ್ಲಿ ಸಂಸ್ಥೆಯು ಸಮನ್ವಯ ಶಿಕ್ಷಣಕ್ಕಾಗಿ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ಆರಂಭಿಸಿ, ತನ್ನ ವಿದ್ಯಾರ್ಥಿಗಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುವ ಕೆಲಸಕ್ಕೆ ಕೈಹಾಕಿತು. ಮುಂಬೈಯ ಕೊಳಚೆ ಪ್ರದೇಶಗಳ ಅಂಗನವಾಡಿಗಳಲ್ಲಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸುವ ಪ್ರಯೋಗ ನಡೆಸಿತು. ಸಂಸ್ಥೆಯ ಹೆಸರು ಕೂಡಾ ‘ಅಡಾಪ್ಟ್’ ಎಂದಾಯಿತು. ಸಶಕ್ತರೂ ವಿಕಲಚೇತನರೂ ಸೇರಿ ಎಲ್ಲರೂ ಒಟ್ಟಾಗಿ ಎಂಬುದು ಅದರ ಆಶಯ. ತಾನು ಕಟ್ಟಿದ ಗೋಡೆಯ ಬಾಗಿಲನ್ನು ತಾನೇ ತೆರೆಯುವುದು ಯಾವ ಸಂಸ್ಥೆಗೂ ಸುಲಭವಲ್ಲ. ಒಂದು ಸೇವಾ ಸಂಸ್ಥೆಯ ಯಶಸ್ಸನ್ನು ಅದರ ಕಟ್ಟಡಗಳಿಂದ ಅಳೆಯಲಾಗದು. ಮಗುವಿಗೆ ಆ ಸಂಸ್ಥೆಯ ಅಗತ್ಯ ಎಷ್ಟರಮಟ್ಟಿಗೆ ಕಡಿಮೆಯಾಯಿತು ಎಂಬುದೇ ಅದರ ನಿಜವಾದ ಅಳತೆಗೋಲು.

ಮಾಲಿನಿ ಚಿಬ್ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪದವಿ ಪಡೆದರು. ಲಂಡನ್ನಿನಲ್ಲಿ ಸ್ನಾತಕೋತ್ತರ ಶಿಕ್ಷಣ ಮುಗಿಸಿದರು. ಒಂದೇ ಬೆರಳಿನಿಂದ ಅಕ್ಷರಗಳನ್ನು ಒತ್ತುತ್ತಾ ಬರೆದ ಅವರ ಆತ್ಮಕಥೆ ‘ಒನ್ ಲಿಟ್ಲ್ ಫಿಂಗರ್’ 2011ರಲ್ಲಿ ಪ್ರಕಟವಾಯಿತು. ಅವರಿಗೆ ಹೋರಾಡಬಲ್ಲ, ವಿದೇಶಕ್ಕೆ ಕರೆದೊಯ್ಯಬಲ್ಲ ತಾಯಿಯಿದ್ದರು. ದಿನಗೂಲಿಯ ತಾಯಿಯ ಮಗುವಿಗೆ ಯಾರಿದ್ದಾರೆ? ಅವರಿಗೆ ಇರುವುದು ನೆರೆಯ ಶಾಲೆ ಮಾತ್ರ. 2011ರ ಜನಗಣತಿಯ ಪ್ರಕಾರ ದೇಶದ ವಿಕಲಚೇತನರ ಸಂಖ್ಯೆ 2.68 ಕೋಟಿ. 5ರಿಂದ 19 ವಯೋಮಾನದ ವಿಕಲಚೇತನರಲ್ಲಿ ಅಂದು ಶಿಕ್ಷಣ ಸಂಸ್ಥೆಗೆ ಹೋಗುತ್ತಿದ್ದವರು ಸುಮಾರು ಶೇ. 61 ಮಾತ್ರ.

ಕಾನೂನು ಈ ವಿಷಯದಲ್ಲಿ ಸುಸ್ಪಷ್ಟವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಈ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ನಿಗದಿತ ಪ್ರಮಾಣದ ವಿಕಲತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಆಯ್ದುಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಮುಂದಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಹಾಗಿದ್ದೂ “ನಮ್ಮಲ್ಲಿ ಸೌಲಭ್ಯವಿಲ್ಲ, ಬೇರೆ ಕಡೆ ವಿಚಾರಿಸಿ” ಎಂಬ ಸೌಜನ್ಯದ ಮಾತಿನಲ್ಲಿ ಎಷ್ಟು ಮಕ್ಕಳ ಹಕ್ಕು ಕಮರಿ ಹೋಗುತ್ತಿಲ್ಲ? ಪ್ರಣಾಳಿಕೆಗಳಲ್ಲಿ ಈ ಮಕ್ಕಳ ಹೆಸರು ಕಾಣಿಸುವುದು ಅಪರೂಪ. ಏಕೆಂದರೆ ಅವರದೊಂದು ಓಟ್ ಬ್ಯಾಂಕ್ ಇಲ್ಲ.

ಶಿಕ್ಷಕರ ಅಳಲನ್ನೂ ನಾವು ಅಲ್ಲಗಳೆಯುವಂತಿಲ್ಲ. ತುಂಬಿದ ತರಗತಿಯಲ್ಲಿ ಒಬ್ಬರೇ ಶಿಕ್ಷಕರು ಏನು ಮಾಡಿಯಾರು? ನೆರವಿಲ್ಲದೆ ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವುದು ಸಮನ್ವಯವಲ್ಲ, ಅದು ಬರಿಯ ಹಾಜರಿ. ಆದ್ದರಿಂದಲೇ ವಿಶೇಷ ಶಾಲೆಗಳ ಅನುಭವ ಹಾಗೂ ಫಿಸಿಯೋಥೆರಪಿ, ವಾಕ್ ಚಿಕಿತ್ಸೆಯ ಜ್ಞಾನ ಸಾಮಾನ್ಯ ಶಾಲೆಗೆ ಹರಿದುಬರಬೇಕು. ತೀವ್ರ ವಿಕಲತೆಯುಳ್ಳ ಕೆಲವು ಮಕ್ಕಳಿಗೆ ವಿಶೇಷ ಶಾಲೆಯೇ ಸೂಕ್ತವಾದೀತು. ಆದರೆ ಅದು ಮಗುವಿನ ಅಗತ್ಯ ನೋಡಿ ಆಗುವ ತೀರ್ಮಾನವಾಗಿರಬೇಕೇ ಹೊರತು ಶಾಲೆಯ ಅನುಕೂಲ ನೋಡಿಯಲ್ಲ. ಇತರ ಮಕ್ಕಳ ಕಲಿಕೆ ಕೆಡುತ್ತದೆಂಬ ಭಯವೂ ಬೇಡ. ನಿಧಾನವಾಗಿ ಮಾತನಾಡುವ ಗೆಳೆಯನಿಗಾಗಿ ಕಾಯಲು ಕಲಿತ ಮಗು ಯಾವ ಪಠ್ಯಪುಸ್ತಕವೂ ಕಲಿಸದ ಪಾಠವನ್ನು ಕಲಿತಿರುತ್ತದೆ.

ಹೆತ್ತವರೇ, ಮಗುವನ್ನು ನೆಂಟರ ಕಣ್ಣಿನಿಂದ ಮರೆಮಾಚಬೇಡಿ. ವಿಕಲತೆಯ ಪ್ರಮಾಣಪತ್ರ ಮಾಡಿಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಬರಹಗಾರರ ನೆರವನ್ನು ಕೇಳಿ ಪಡೆಯಿರಿ. ಪ್ರವೇಶ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ.

ಆಡಳಿತ ಮಂಡಳಿಯ ಸದಸ್ಯರೇ, ಮುಂದಿನ ಸಮಾರಂಭದ ಖರ್ಚಿನಲ್ಲಿ ಒಂದು ಭಾಗವನ್ನು ಉಳಿಸಿ. ಒಂದು ಇಳಿಜಾರು ದಾರಿ, ಗಾಲಿಕುರ್ಚಿ ತಿರುಗುವಷ್ಟು ಅಗಲದ ಒಂದು ಶೌಚಾಲಯ, ತರಬೇತಿ ಪಡೆದ ಒಬ್ಬ ಶಿಕ್ಷಕಿ. ಆರಂಭಕ್ಕೆ ಇಷ್ಟು ಸಾಕು. ಮೇಲಂತಸ್ತಿನ ತರಗತಿಯನ್ನು ಕೆಳಕ್ಕೆ ತರಲಂತೂ ಖರ್ಚೇ ಇಲ್ಲ, ತೀರ್ಮಾನವೊಂದೇ ಸಾಕು.

ಜೂನ್ ತಿಂಗಳಲ್ಲಿ ನಮ್ಮ ಶಾಲೆಗಳ ಬಾಗಿಲು ತೆರೆಯುವಾಗ ನಮ್ಮ ಓಣಿಯ ಯಾವ ಮಗು ಮನೆಯಲ್ಲಿ ಉಳಿದಿದೆ ಎಂದು ಪ್ರತಿಯೊಬ್ಬರೂ ವಿಚಾರಿಸೋಣ. ಆ ಮಗುವಿನ ಹೆಸರು ಹಾಜರಿ ಪುಸ್ತಕಕ್ಕೆ ಸೇರುವ ತನಕ ವಿರಮಿಸದಿರೋಣ.