ಗುಡ್ಡದ ಮೇಲೆ ಬಡಾವಣೆ: ನಿಯಮಗಳು ಮತ್ತು ಗ್ರಾಮಸಭೆಯ ಹೊಣೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಈ ಲೆಕ್ಕ ಮಲೆನಾಡಿನ ಕೃಷಿಕರಿಗೆ ಹೊಸದಲ್ಲ. ಆದರೆ ಬೇಣವನ್ನೂ ತೋಟವನ್ನೂ ಎಕರೆಯಲ್ಲಿ ಎಣಿಸುತ್ತಿದ್ದ ಊರುಗಳಲ್ಲಿ ಇಂದು ‘ಮೂವತ್ತು–ನಲವತ್ತು’ ಎಂಬ ಅಳತೆ ನೆಲೆಯೂರಿದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವೆಂದರೆ 1,200 ಚದರಡಿ. ಒಂದು ಗುಂಟೆಗಿಂತ ತುಸು ಹೆಚ್ಚು. ರಸ್ತೆ, ಚರಂಡಿ, ಬಯಲು ಜಾಗಗಳನ್ನು ಬಿಟ್ಟರೂ ಒಂದು ಎಕರೆಯಲ್ಲಿ ಸುಮಾರು 20 ನಿವೇಶನಗಳು ಸಿಗುತ್ತವೆ. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗ, ಕಾಫಿಗೆ ಆಳುಗಳ ಅಭಾವ, ಮಕ್ಕಳಿಗೆ ಪಟ್ಟಣದ ಉದ್ಯೋಗ. ಇವುಗಳ ನಡುವೆ ಸಿಲುಕಿದ ಹಿಡುವಳಿದಾರನಿಗೆ ಈ 20 ಎಂಬ ಸಂಖ್ಯೆ ಆಕರ್ಷಕವಾಗಿ ತೋರಿದರೆ ಅವನನ್ನು ದೂರುವಂತಿಲ್ಲ.

ಕೊಳ್ಳುವವರ ಸಂಖ್ಯೆಯೂ ಹೆಚ್ಚಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ದೀರ್ಘಕಾಲ ನಿರ್ಬಂಧಿಸಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ಕೈಬಿಡಲಾಯಿತು. ಹೀಗಾಗಿ ಕೃಷಿಭೂಮಿಯು ನಿವೇಶನವಾಗುವ ಹಾದಿಯಲ್ಲಿ ಉಳಿದಿರುವ ನಿಯಮಗಳು ಯಾವುವು, ಅವು ಏನನ್ನು ನೋಡುತ್ತವೆ, ಏನನ್ನು ನೋಡುವುದಿಲ್ಲ ಎಂಬುದನ್ನು ಪ್ರತಿ ಗ್ರಾಮಸ್ಥನೂ ತಿಳಿದಿರುವುದು ಅಗತ್ಯ.

ಮೂರು ಬಾಗಿಲುಗಳು

ಮೊದಲನೆಯದು ಭೂಪರಿವರ್ತನೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಎರಡನೆಯದು ಬಡಾವಣೆ ನಕ್ಷೆಯ ಅನುಮೋದನೆ. ಸ್ಥಳೀಯ ಯೋಜನಾ ಪ್ರದೇಶದೊಳಗೆ ಜಮೀನನ್ನು ತುಂಡು ಮಾಡಿ ರಸ್ತೆ ತೆಗೆಯುವವರು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ನಕ್ಷೆಗೆ ಒಪ್ಪಿಗೆ ಪಡೆಯಬೇಕು. ಮೂರನೆಯದು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪಂಚಾಯಿತಿಯ ಅನುಮತಿಯಿಲ್ಲದೆ ಕಟ್ಟಡ ಕಟ್ಟುವುದನ್ನು ತಡೆಯುತ್ತದೆ. 2013ರಿಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11ಎ ದೊರೆಯುತ್ತಿರುವುದು ಈ ಕಡೆಯ ಬಾಗಿಲಿನಲ್ಲಿಯೇ.

ಈ ಬಾಗಿಲುಗಳನ್ನು ಬಳಸಿಕೊಂಡು ಹಿಂಬದಿಯಿಂದ ಹೋಗುವವರೂ ಇದ್ದಾರೆ. ಪರಿವರ್ತನೆಯಾಗದ ಜಮೀನನ್ನು ‘ಫಾರ್ಮ್ ಪ್ಲಾಟ್’ ಎಂಬ ಹೆಸರಿನಲ್ಲಿ ಗುಂಟೆಗಳ ಲೆಕ್ಕದಲ್ಲಿ ಮಾರಿ, ಪಹಣಿಯಲ್ಲಿ ಹೆಸರು ಬಂದರೆ ಸಾಕೆಂದು ನಂಬಿಸುವುದುಂಟು. ಪಹಣಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ, ಕಂದಾಯ ಕಟ್ಟಿದ ಮಾತ್ರಕ್ಕೆ ಆ ನೆಲ ಮನೆ ಕಟ್ಟುವ ನಿವೇಶನವಾಗುವುದಿಲ್ಲ.

ನಕ್ಷೆಯಲ್ಲಿ ಕಾಣದ ಇಳಿಜಾರು

ಎಲ್ಲವೂ ಕ್ರಮಬದ್ಧವಾಗಿ ನಡೆದರೂ ಮಲೆನಾಡಿನ ಮಟ್ಟಿಗೆ ಒಂದು ಕೊರತೆ ಉಳಿಯುತ್ತದೆ. ಜಮೀನಿನ ಭಾಗವನ್ನು ಮಾರುವಾಗ ಸಿದ್ಧವಾಗುವ 11ಇ ನಕ್ಷೆ ಗಡಿ ಮತ್ತು ವಿಸ್ತೀರ್ಣವನ್ನು ತೋರುತ್ತದೆ, ಏರಿಳಿತವನ್ನು ತೋರುವುದಿಲ್ಲ. ಬಡಾವಣೆ ನಕ್ಷೆಯ ಮುಖ್ಯ ಗಮನ ರಸ್ತೆಯ ಅಗಲ, ಉದ್ಯಾನ ಮತ್ತು ನಿವೇಶನದ ಆಯಗಳ ಮೇಲೆ. ಬಯಲುಸೀಮೆಯ ನೆಲಕ್ಕೂ ಘಟ್ಟದ ನೆತ್ತಿಯ ನೆಲಕ್ಕೂ ಕಾಗದದ ಮೇಲೆ ಭೇದವೇ ಇಲ್ಲ.

ಈ ಭೇದವೆಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗಿಳಿಯುವ ಗುಡ್ಡವನ್ನು ಊಹಿಸಿಕೊಳ್ಳಿ. ಇಳಿಜಾರಿನ ದಿಕ್ಕಿನಲ್ಲಿ 40 ಅಡಿ ಉದ್ದದ ನಿವೇಶನವನ್ನು ಪೂರ್ತಿ ಕಡಿದು ಸಮತಟ್ಟು ಮಾಡಿದರೆ ಹಿಂಬದಿಯಲ್ಲಿ 13 ಅಡಿಗೂ ಎತ್ತರದ ದರೆ ನಿಲ್ಲುತ್ತದೆ. 30 ಅಡಿ ಅಗಲದ ಆ ಒಂದೇ ನಿವೇಶನದಿಂದ 8,000 ಘನ ಅಡಿ ಮಣ್ಣು ಹೊರಬರುತ್ತದೆ. 30 ಅಡಿ ರಸ್ತೆಗೆ ಮತ್ತೆ 10 ಅಡಿಯ ದರೆ. ಒಂದರ ಮೇಲೊಂದು ಮೂರು ಸಾಲು ನಿವೇಶನಗಳೆಂದರೆ ಅಂಥ ಮೂರು ದರೆಗಳು. ಕಡಿದ ಮಣ್ಣನ್ನು ಜೆಸಿಬಿ ಯಂತ್ರ ಸಾಮಾನ್ಯವಾಗಿ ತಳ್ಳುವುದು ಕೆಳಗಿನ ಹಳ್ಳಕ್ಕೇ.

ಕಡಿದ ಕೂಡಲೇ ದರೆ ಬೀಳುವುದಿಲ್ಲ. ಮಲೆನಾಡಿನ ಅನೇಕ ಕಡೆ ಮೇಲೆ ಗಟ್ಟಿಯಾದ ಜಂಬಿಟ್ಟಿಗೆ, ಅದರ ಕೆಳಗೆ ಮೃದುವಾದ ಶೇಡಿ ಮಣ್ಣು ಇರುತ್ತದೆ. ಬೇಸಿಗೆಯಲ್ಲಿ ಅದು ಗೋಡೆಯಂತೆ ನಿಂತಿರುತ್ತದೆ. ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು 4 ಲಕ್ಷ ಲೀಟರ್. ಮಲೆನಾಡಿನ ಮಳೆಗಾಲದಲ್ಲಿ ಇದು ಒಂದು ದಿನದ ಮಳೆಯಾಗಬಹುದು. ತರಗೆಲೆ ಮುಚ್ಚಿದ ಬೆಟ್ಟದಲ್ಲಿ ಈ ನೀರಿನ ಗಣನೀಯ ಭಾಗ ನಿಧಾನವಾಗಿ ಇಂಗಿ ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಚಾವಣಿ, ಅಂಗಳ, ಕಾಂಕ್ರೀಟ್ ರಸ್ತೆಗಳ ಮೇಲೆ ಬಿದ್ದದ್ದು ಬಹುತೇಕ ಅಷ್ಟೂ ಒಮ್ಮೆಗೇ ಹರಿದು ಕೆಳಗಿನ ತೋಟದ ಬಸಿಗಾಲುವೆಯನ್ನು ಸೇರುತ್ತದೆ. ಆ ಕಾಲುವೆಯನ್ನು ತೋಡಿದ ಕೃಷಿಕ ಇಷ್ಟು ನೀರನ್ನು ಎಣಿಸಿರಲಿಲ್ಲ. 20 ಮನೆಗಳ ಶೌಚದ ಗುಂಡಿಗಳು ಅವನ ಬಾವಿಗಿಂತ ಮೇಲಿದ್ದರೆ ನಷ್ಟ ತೋಟಕ್ಕಷ್ಟೇ ನಿಲ್ಲದು.

ಇವು ಬರಿಯ ಊಹೆಗಳಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಜನ ಸತ್ತರು, ಮನೆ–ತೋಟಗಳು ನಾಶವಾದವು. ಆ ಸ್ಥಳಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಅತಿಯಾದ ಮಳೆಯ ಜೊತೆಗೆ, ಮನುಷ್ಯರು ಇಳಿಜಾರನ್ನು ಕಡಿದು ಮಾರ್ಪಡಿಸಿದ್ದನ್ನೂ ಕಾರಣವಾಗಿ ಗುರುತಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಯ ಪಕ್ಕದ ಗುಡ್ಡ.

ಕಾಯ್ದೆಯಲ್ಲಿರುವ ಅವಕಾಶ

ಹಾಗಾದರೆ ಕಾಯ್ದೆ ಅಸಹಾಯಕವೇ? ಹಾಗೇನೂ ಇಲ್ಲ. 95ನೇ ಕಲಂ ಇಳಿಜಾರಿಗೆ ಮಿತಿಯನ್ನು ಹೇಳದಿದ್ದರೂ, ಪರಿವರ್ತನೆಯಿಂದ ಸಾರ್ವಜನಿಕರಿಗೆ ಉಪದ್ರವವಾಗುವಂತಿದ್ದರೆ ಅಥವಾ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿದ್ದರೆ ಅನುಮತಿಯನ್ನು ನಿರಾಕರಿಸಲು ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟಿದೆ. ಆರೋಗ್ಯ ಮತ್ತು ಸುರಕ್ಷತೆಗಾಗಿ ಷರತ್ತು ವಿಧಿಸಲೂ, ನಿವೇಶನಗಳ ಅಳತೆ ಹಾಗೂ ಜೋಡಣೆ ಆ ಪ್ರದೇಶಕ್ಕೆ ತಕ್ಕಂತಿರಬೇಕೆಂದು ಕೇಳಲೂ ಅದರಲ್ಲಿ ಎಡೆಯಿದೆ. ಆದರೆ ಕಡತದಲ್ಲಿ ಗುಡ್ಡದ ಇಳಿಜಾರೂ ನೀರಿನ ಜಾಡೂ ಇಲ್ಲದಿದ್ದರೆ ಆ ಅಧಿಕಾರವನ್ನು ಯಾವ ಆಧಾರದ ಮೇಲೆ ಬಳಸಬೇಕು? ಮೇಲಾಗಿ ಅರ್ಜಿಗಳು ಬರುವುದು ಒಂದೊಂದು ಎಕರೆಗೆ, ಒಂದೊಂದು ವರ್ಷ. ಪ್ರತಿಯೊಂದೂ ಪ್ರತ್ಯೇಕವಾಗಿ ನಿರಪಾಯವಾಗಿ ಕಂಡು, ಕಡೆಗೆ ಇಡೀ ಗುಡ್ಡವೇ ಮೆಟ್ಟಿಲುಮೆಟ್ಟಿಲಾಗಿ ಕಡಿದುಹೋಗುತ್ತದೆ.

ನೆರೆಯ ತಮಿಳುನಾಡಿನಲ್ಲಿ 1990ರಿಂದ ಬೆಟ್ಟ ಪ್ರದೇಶ ಸಂರಕ್ಷಣಾ ಪ್ರಾಧಿಕಾರವಿದೆ. ಅದರ ವ್ಯಾಪ್ತಿಯ ಹಳ್ಳಿಗಳಲ್ಲಿ ಬಡಾವಣೆಗೆ ಭೂವಿಜ್ಞಾನ, ಕೃಷಿ ಇಂಜಿನಿಯರಿಂಗ್, ಅರಣ್ಯ ಇಲಾಖೆಗಳ ಅಭಿಪ್ರಾಯ ಪಡೆಯುವ ಪದ್ಧತಿಯಿದೆ. ಇದು ಅನುಸರಣೀಯ. ಆದರೂ 2009ರ ನವೆಂಬರಿನಲ್ಲಿ ನೀಲಗಿರಿಯ ಕುಸಿತಗಳಲ್ಲಿ 40ಕ್ಕೂ ಹೆಚ್ಚು ಜನ ಮಡಿದರು. ಪ್ರಾಧಿಕಾರವೊಂದನ್ನು ರಚಿಸಿದ ಮಾತ್ರಕ್ಕೆ ಗುಡ್ಡ ಕ್ಷೇಮವಾಗುವುದಿಲ್ಲ. ಸ್ಥಳದಲ್ಲಿರುವವರ ಕಾವಲೂ ಬೇಕು.

ಯಾರ ಮನೆ?

ಈ ಮಾತುಗಳನ್ನು ಮನೆ ಕಟ್ಟುವವರ ವಿರೋಧವೆಂದು ತಿಳಿಯಬಾರದು. ಮಲೆನಾಡಿನಲ್ಲಿ ಸ್ವಂತದ ಸೂರಿಗೆ ಮೂರು ಸೆಂಟ್ಸ್ ಜಾಗವೂ ಇಲ್ಲದ ಕೂಲಿಕಾರ ಕುಟುಂಬಗಳಿವೆ, ಹಿಸ್ಸೆಯಾಗಿ ಬೇರೆ ಮನೆ ಹೂಡಬೇಕಾದ ಅಣ್ಣತಮ್ಮಂದಿರಿದ್ದಾರೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿಯ 2011ರ ವರದಿಯೂ ಈ ಅಗತ್ಯವನ್ನು ಮನ್ನಿಸಿತ್ತು. ಅತಿಸೂಕ್ಷ್ಮ ವಲಯದಲ್ಲಿ ಕೃಷಿಭೂಮಿಯ ಪರಿವರ್ತನೆ ಬೇಡವೆಂದ ಆ ವರದಿ, ಸ್ಥಳೀಯರ ಸಂಖ್ಯೆ ಬೆಳೆದಂತೆ ಹಳ್ಳಿಯ ವಾಸನೆಲೆ ವಿಸ್ತರಿಸುವುದಕ್ಕೆ ವಿನಾಯಿತಿ ನೀಡಿತ್ತು. ಊರಿನ ಸಮತಟ್ಟಾದ, ದಾರಿಗೆ ಹತ್ತಿರದ ಜಾಗವೆಲ್ಲ ವಾರಾಂತ್ಯದ ಬಂಗಲೆಗಳಿಗೆ ಮಾರಾಟವಾದರೆ, ಊರಿನ ಬಡವನಿಗೆ ಉಳಿಯುವುದು ದರೆಯ ಬುಡವೇ. ಆದ್ದರಿಂದ ನಿಯಮದ ಬಿಗಿ ಮೊದಲು ಬೇಕಾಗಿರುವುದು ಅವನಿಗೇ.

ಗ್ರಾಮಸಭೆ ಮಾಡಬಹುದಾದದ್ದು

ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆ ಸಭೆಯಲ್ಲಿ ಊರಿನ ವ್ಯಾಪ್ತಿಯ ಪರಿವರ್ತನೆ ಅರ್ಜಿಗಳ ವಿವರವನ್ನು ಮಂಡಿಸುವಂತೆ ಕೇಳಬಹುದು; ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಇಳಿಜಾರನ್ನು ಅಳೆಯಲು ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪು, ಎರಡು ಕೋಲು, ಒಂದು ಟೇಪು ಸಾಕು. ಅಡ್ಡಕ್ಕೆ 12 ಅಡಿ ಅಂತರದಲ್ಲಿ ಮಟ್ಟ 4 ಅಡಿ ತಗ್ಗಿದರೆ ಅದು ಮೇಲೆ ಹೇಳಿದ ಮೂರಕ್ಕೊಂದರ ಇಳಿಜಾರು. ಪ್ರೌಢಶಾಲೆಯ ಮಕ್ಕಳು ಒಂದು ರಜಾದಿನದಲ್ಲಿ ಒಂದು ಗುಡ್ಡವನ್ನು ಹೀಗೆ ಅಳೆದು ಹಳ್ಳ, ಒರತೆ, ಬಾವಿ, ಹಳೆಯ ಕುಸಿತಗಳನ್ನು ನಕ್ಷೆಯಲ್ಲಿ ಗುರುತಿಸಬಲ್ಲರು. ಎಲ್ಲಿ ಒರತೆ ಇತ್ತು, ಯಾವ ವರ್ಷ ದರೆ ಬಿತ್ತು ಎಂಬುದನ್ನು ಹೇಳಲು ಊರಿನ ಹಿರಿಯರಿದ್ದಾರೆ.

ಈ ನಕ್ಷೆಯನ್ನು ನಿರ್ಣಯದೊಂದಿಗೆ ಜಿಲ್ಲಾಧಿಕಾರಿಗಳಿಗೂ ಯೋಜನಾ ಪ್ರಾಧಿಕಾರಕ್ಕೂ ತಲುಪಿಸಬೇಕು, ಅದೂ ಆದೇಶ ಹೊರಡುವ ಮೊದಲು. ಗುಡ್ಡ ಕಡಿದ ನಂತರದ ತಕರಾರು ಪರಿಹಾರದ ಅರ್ಜಿಯಾದೀತೇ ಹೊರತು ಗುಡ್ಡವನ್ನು ಮರಳಿ ನಿಲ್ಲಿಸದು. ಗ್ರಾಮಸಭೆಯ ನಿರ್ಣಯ ಅಧಿಕಾರಿಯನ್ನು ಕಟ್ಟಿಹಾಕಲಾರದು, ನಿಜ. ಆದರೆ ಕಡತಕ್ಕೆ ಸೇರಿದ ಅಳತೆಯನ್ನು ಮುಂದೆ ಯಾರೂ ‘ತಿಳಿದಿರಲಿಲ್ಲ’ ಎನ್ನುವಂತಿಲ್ಲ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲಿ ಒಂದು ಗುಡ್ಡವನ್ನಾದರೂ ಹೀಗೆ ಅಳೆದಿಡುವುದು ಸಾಧ್ಯವಿರುವ ಕೆಲಸ.