ಧಾರೇಶ್ವರದ ದಾರಿ, ಕರಿಕಾನದ ನೆರಳು



ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಧಾರೇಶ್ವರವಿದೆ. ಆತ್ಮಲಿಂಗದ ಕಥೆಯು ಗೋಕರ್ಣದೊಡನೆ ಹೆಣೆದ ಐದು ಕ್ಷೇತ್ರಗಳಲ್ಲಿ ಇದೂ ಒಂದು. ಧಾರಾನಾಥನ ದರ್ಶನ ಮುಗಿಸಿದವನಿಗೆ ಕಡಲದಂಡೆ ದೂರವಲ್ಲ. ಯಾತ್ರಿಕನನ್ನು ಕಡಲು, ಬೆಟ್ಟ, ಅಳಿವೆಗಳ ನಡುವೆ ನಡೆಸಿದ ಈ ಪಥವೂ ಭೂದೃಶ್ಯದ ವಿನ್ಯಾಸವೇ. ಅದಕ್ಕೆ ನಕಾಶೆ ಬರೆದವರಿಲ್ಲ, ಅಷ್ಟೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಹೊನ್ನಾವರ ತಾಲೂಕಿನ ಬೆಟ್ಟದ ಮೇಲಿರುವ ಕರಿಕಾನ ಪರಮೇಶ್ವರಿಯ ಕಾನು. ಸುತ್ತಲಿನ ಕಾಡು ಸೊರಗಿದ ಮೇಲೂ ಡಿಪ್ಟೆರೊಕಾರ್ಪಸ್ ಜಾತಿಯ ಮಹಾವೃಕ್ಷಗಳು ದೇವಿಯ ಹೆಸರಿನಲ್ಲಿ ಅಲ್ಲಿ ಉಳಿದವು. ಹರಕೆ ಹೊತ್ತು ಬಂದವರು ದಣಿವಾರಿಸಿಕೊಳ್ಳುವುದು ಆ ನೆರಳಿನಲ್ಲಿಯೇ.

ನೆರಳಿನ ಗುಣ ಬರಿಯ ನಂಬಿಕೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿ ರೋಜರ್ ಉಲ್ರಿಚ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ 23 ಜನರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಸರಾಸರಿಯಲ್ಲಿ ಬೇಗ ಮನೆಗೆ ಮರಳಿದ್ದರು. ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು.

ಆದರೆ ಜೀರ್ಣೋದ್ಧಾರವೆಂದೊಡನೆ ಬನ ಕಡಿದು ಕಾಂಕ್ರೀಟಿನ ಅಂಗಳ ಹಾಕುವ ಚಪಲವು ಜಿಲ್ಲೆಯ ಹಲವು ದೇವರಕಾಡುಗಳನ್ನು ಕುಗ್ಗಿಸಿದೆ. ವಾಹನ ನಿಲ್ಲಿಸಲು ಜಾಗ ಬೇಡವೆಂದಲ್ಲ. ಅದು ಕಾನಿನ ಹೊರಗಿರಲಿ. ಕೊನೆಯ ದಾರಿಯನ್ನು ಜನರು ಮರಗಳ ನಡುವೆ ನಡೆಯಲಿ. ವೃದ್ಧರಿಗೆ ನಡುವೆ ಒಂದೆರಡು ಕಲ್ಲುಕಟ್ಟೆ ಸಾಕು. ಬಿದ್ದ ತರಗೆಲೆ ಅಲ್ಲಿಯೇ ಕೊಳೆಯಲಿ. ಸ್ವಚ್ಛತೆಯ ಹೆಸರಿನಲ್ಲಿ ಗುಡಿಸಿ ಸುಟ್ಟರೆ ಬೀಜ ಮೊಳೆಯುವ ನೆಲವೇ ಬರಡಾಗುತ್ತದೆ. ಮಳೆಗಾಲದಲ್ಲಿ ಕಾನಿನ ಅಂಚಿಗೆ ತಾವಾಗಿ ಹುಟ್ಟುವ ಸಸಿಗಳನ್ನು ಎಣಿಸಿ, ದನ ಮೇಯದಂತೆ ಬೇಲಿ ಕಟ್ಟುವ ಕೆಲಸವನ್ನು ಶಾಲೆಯ ಮಕ್ಕಳೇ ವಹಿಸಿಕೊಳ್ಳಬಹುದು.